ರಾಜನ ಹೆಣಕ್ಕೆ ಶಿಲುಬೆ ಗುರುತು

ಆರೋಗ್ಯಪ್ಪ ಕುರ್ಚಿಗಳಿಗೆ ಬೆತ್ತ ಹೆಣೆಯುವವನು. ಮೈಸೂರಿನ ವಕೀಲರ ಮನೆಯಾಗಲಿ, ಸರ್ಕಾರಿ ಕಚೇರಿಯಾಗಲಿ, ಚರ್ಚಿನ ಗುರುಗಳ ಕೋಣೆಯಾಗಲಿ, ಎಲ್ಲಿ ಕುರ್ಚಿ ಕುಸಿದರೂ ಅವನಿಗೇ ಕರೆ ಬರುತ್ತಿತ್ತು. ಮಾತು ಕಡಿಮೆ, ಜಗಳವಂತೂ ಇಲ್ಲವೇ ಇಲ್ಲ. ಅಂಥವನು ಒಂದು ಬಯಸ್ಕೋಪಿನ ಸಲುವಾಗಿ ಹಳೆಯ ಗೆಳೆಯರ ಮೇಲೆ ತೋಳೇರಿಸಿಕೊಂಡು ಹೋದ ಎಂದರೆ ಕೇರಿಯವರು ನಂಬಲಿಲ್ಲ.

ಚಿತ್ರಗಳಿಗೆ ಇನ್ನೂ ಬಾಯಿ ಬಂದಿರದ ಕಾಲ ಅದು. ಹಳೆಯ ಕಾಲದ ಯಾವನೋ ರಾಜ, ಅವನ ಯುದ್ಧ, ಅವನ ಸಾವು, ಇಷ್ಟೇ ಕಥೆ. ಅದನ್ನು ತೆಗೆದದ್ದು ಹಿನಕಲ್ ಕಡೆಯ ಬಯಲಿನಲ್ಲಿ. ಜನರ ಗುಂಪು ಬೇಕೆಂದು ಊರೊಳಗಿಂದ ಹೆಂಗಸರನ್ನು ಗಾಡಿಗಳಲ್ಲಿ ಕರೆದೊಯ್ದಿದ್ದರು. ಆರೋಗ್ಯಪ್ಪ ಕೆಲಸದ ಮೇಲೆ ನಂಜನಗೂಡಿಗೆ ಹೋಗಿದ್ದ ದಿನ ಅವನ ಹೆಂಡತಿ ಕ್ಲಾರಾ ಆಸೆ ತಡೆಯಲಾರದೆ ತಾನೂ ಗಾಡಿ ಹತ್ತಿಬಿಟ್ಟಳು. ಬಯಸ್ಕೋಪಿನಲ್ಲಿ ಕಾಣಿಸಿಕೊಳ್ಳುವ ಹೆಂಗಸನ್ನು ಮರ್ಯಾದಸ್ಥರ ಬೀದಿಗಳಲ್ಲಿ ಆಗ ಏನೆಂದು ಕರೆಯುತ್ತಿದ್ದರೋ, ಅದನ್ನು ಬಾಯಿಬಿಟ್ಟು ಹೇಳುವುದೇ ಬೇಡ.

ಗಂಡ ಮನೆಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿ, ಅವಳು ಎಲ್ಲವನ್ನೂ ಹೇಳಿದಳು.

"ರೀ, ಬೈಬಾರ್ದು. ರಾಜನ್ನ ಹೊತ್ಕೊಂಡ್ ಬಂದ್ರು ಕಣ್ರೀ. ಹೆಣ ಕಂಡಿದ್ದೇ ತಡ, ಕೈ ತಾನಾಗೇ ಹಣೆಗೆ ಹೋಗ್ಬುಡ್ತು. ಎಲ್ರ ಮಧ್ಯ ಶಿಲುಬೆ ಗುರುತು ಹಾಕ್ಕೊಂಡ್ಬುಟ್ಟೆ!"

"ಅವನೇನು ನಿಜವಾಗಿ ಸತ್ತಿದ್ನೇನೇ?"

"ಎಲ್ಲಿ ಸತ್ತಿದ್ದ? ಬಟ್ಟೆ ಒಳಗಡೆ ಕೆಮ್ತಿದ್ದ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವಳು ಅವನ ಕೈ ಹಿಡಿದು, "ಯಾರ ಹತ್ರಾನೂ ಅನ್ಬೇಡಿ. ಚರ್ಚಿನ ಸಾಮಿಗಳ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು" ಎಂದಳು. ಅವನು ಮಾತು ಕೊಟ್ಟ.

ಚಿತ್ರ ಊರಿಗೆ ಬರುವ ಹೊತ್ತಿಗೆ ಅವಳು ಮಣ್ಣಾಗಿದ್ದಳು. ತುಂಬಿದ ಬಸುರಿ, ಜ್ವರದಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ದಸರಾಕ್ಕೆ ಫೋಟೋ ತೆಗೆಸೋಣ, ಕ್ರಿಸ್ಮಸ್ಸಿಗೆ ತೆಗೆಸೋಣ ಎಂದು ಮುಂದೂಡುತ್ತ ಬಂದು ಗಂಡಹೆಂಡಿರು ಒಂದನ್ನೂ ತೆಗೆಸಿರಲಿಲ್ಲ. ಈಗ ಅವಳು ಉಳಿದದ್ದು ಟೆಂಟಿನ ಪರದೆಯ ಮೇಲೆ ಮಾತ್ರ. ಸೆರಗಿನ ಮುಸುಕು ಕಣ್ಣಿನ ತನಕ ಇಳಿದಿತ್ತು, ಬೇರೆಯವರಿಗೆ ಗುರುತು ಸಿಗುವಂತಿರಲಿಲ್ಲ. ರಾಜನ ಹೆಣ ಹಾದುಹೋಗುತ್ತದೆ, ಅವಳ ಬಲಗೈ ಹಣೆಗೆ, ಎದೆಗೆ, ಭುಜದಿಂದ ಭುಜಕ್ಕೆ ಹೋಗುತ್ತದೆ, ತಪ್ಪು ಮಾಡಿದೆನೆಂದು ತಿಳಿದು ತುಟಿ ಕಚ್ಚಿಕೊಳ್ಳುತ್ತಾಳೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟೇ ಹೊತ್ತು. ಅಷ್ಟಕ್ಕಾಗಿ ಆರೋಗ್ಯಪ್ಪ ದಿನಾ ಸಂಜೆ ನೆಲದಲ್ಲಿ ಎಲ್ಲರಿಗಿಂತ ಮುಂದೆ ಕೂತು ಮೂರು ತಾಸಿನ ಯುದ್ಧವನ್ನು ಸಹಿಸಿಕೊಳ್ಳುತ್ತಿದ್ದ.

ಅವನ ಗೆಳೆಯರು ಇಬ್ಬರು. ಶಿವಮಲ್ಲಪ್ಪನದು ಟೆಂಟಿನ ಎದುರಿಗೇ ಸೋಡಾ ಅಂಗಡಿ. ಗೋವಿಂದರಾಜು ನಾಟಕದ ಕಂಪನಿಯಲ್ಲಿ ಬಹಳ ವರ್ಷ ದ್ವಾರಪಾಲಕನ ವೇಷ ಹಾಕಿದವನು. ಆದ್ದರಿಂದ ರಾಜಮಹಾರಾಜರ ಕಾಲದ ಸಂಗತಿಯಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ತಿಳಿದಿದ್ದ. ಸೋಡಾ ಅಂಗಡಿಯ ಬೆಂಚಿನ ಮೇಲೆ ಅವನು ಚಿತ್ರವನ್ನು ದಿನವೂ ಹರಿದು ಹಾಕುತ್ತಿದ್ದ.

"ಸೈನಿಕರ ಕಾಲಿಗೆ ಪೋಲೀಸರ ಬೂಟು! ಹಾಳಾಗ್ಲಿ. ಆ ಹೆಂಗಸು ಯಾರೋ, ಶಿಲುಬೆ ಹಾಕ್ಕೋತಾಳಲ್ಲ! ಆ ರಾಜನ ಕಾಲದಲ್ಲಿ ಪಾದ್ರಿ ಎಲ್ಲಿದ್ನಪ್ಪ? ಟೆಂಟಿಗೆ ಟೆಂಟೇ ನಗ್ತದೆ. ನಿಮ್ಮೋಳೇ ಯಾರೋ ಇರ್ಬೇಕು ಕಣೋ, ಆರೋಗ್ಯ!"

ಶಿವಮಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಚಿತ್ರ ಚೆನ್ನಾಗಿದೆ" ಎಂದ ಆರೋಗ್ಯಪ್ಪ.

"ಏನು ಚೆನ್ನಾಗಿದೆ, ಹೇಳು."

"ಕುದುರೆ ಚೆನ್ನಾಗಿವೆ."

"ಕುದುರೆ ನೋಡೋಕೆ ಲಾಯಕ್ಕೆ ಹೋಗು. ಆ ಶಿಲುಬೆಯೋಳೊಬ್ಳು ಇಲ್ದೆ ಹೋಗಿದ್ರೆ ನಾನೂ ಒಳ್ಳೇ ಚಿತ್ರ ಅಂತಿದ್ದೆ. ಇಡೀ ಚಿತ್ರದ ಮಾನ ಕಳೆದ್ಬುಟ್ಲು, ಮುಂಡೇದು!"

ಆರೋಗ್ಯಪ್ಪ ಎದ್ದವನೇ ಅವನ ಕುತ್ತಿಗೆಪಟ್ಟಿ ಹಿಡಿದ. ಶಿವಮಲ್ಲಪ್ಪ ನಡುವೆ ಬರದಿದ್ದರೆ ಏನಾಗುತ್ತಿತ್ತೋ. ಕೊಟ್ಟ ಮಾತು ಮುರಿದು ಸತ್ತವಳ ಗುಟ್ಟನ್ನು ನಗುವವರ ಮುಂದೆ ಬಿಚ್ಚುವುದು ಅವನಿಂದ ಆಗಲಿಲ್ಲ; ಪಟ್ಟಿ ಬಿಟ್ಟು ಮನೆಗೆ ಹೋದ.

ಗೋವಿಂದರಾಜು ಬಾಯಿಬಡುಕನೇ ಹೊರತು ಕೆಟ್ಟವನಲ್ಲ. ಹೆಂಡತಿ ಸತ್ತ ದುಃಖದಲ್ಲಿ ಇವನಿಗೆ ಆ ಚಿತ್ರವೊಂದೇ ಆಸರೆ, ಅದನ್ನೂ ಹೀಗಳೆದೆನಲ್ಲ ಎಂದು ಅವನ ಮನಸ್ಸು ಕೊರೆಯಿತು. ಟೆಂಟಿನ ಯಜಮಾನರಿಗೂ ಅವನಿಗೂ ನಾಟಕದ ಕಾಲದಿಂದ ಸಲಿಗೆ. ಅವರ ಬಳಿ ಹೋಗಿ ಅದೇನೋ ಹೇಳಿದ. ಮರುದಿನ ಸಂಜೆ ತಾನೇ ಆರೋಗ್ಯಪ್ಪನ ಮನೆಗೆ ಬಂದು, ಬೇಡವೆಂದರೂ ಬಿಡದೆ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡ.

ರಾಜ ಸತ್ತ. ಹೆಣ ಹೊತ್ತವರು ಬಂದರು. ಆರೋಗ್ಯಪ್ಪ ಮುಂದಕ್ಕೆ ಬಾಗಿದ. ಚಿತ್ರ ಒಮ್ಮೆ ಜಗ್ಗಿದಂತಾಗಿ, ಕ್ಲಾರಾ ಬರಬೇಕಾದಲ್ಲಿ ಚಿತೆ ಉರಿಯತೊಡಗಿತು.

ಯಾರೂ ನಗಲಿಲ್ಲ. ಗೋವಿಂದರಾಜು ತೊಡೆ ತಟ್ಟಿಕೊಂಡ.

"ಎಂಗೆ? ನಾನೇ ಹೇಳಿ ಕತ್ತರಿ ಹಾಕಿಸ್ದೆ. ನಿನಗೋಸ್ಕರ ಕಣೋ! ಈಗ ಒಪ್ಕೋತೀನಿ, ಒಳ್ಳೇ ಚಿತ್ರ."

ಆರೋಗ್ಯಪ್ಪ ಪರದೆಯನ್ನೇ ನೋಡುತ್ತ ಕೂತಿದ್ದ. "ಅದು ಕ್ಲಾರಾ ಕಣೋ" ಎಂದ.

ಗೋವಿಂದರಾಜುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ, ಕೂತವರನ್ನು ತುಳಿದುಕೊಂಡು ಮೆಷಿನ್ನಿನ ಕೋಣೆಗೆ ಓಡಿದ. ಅಲ್ಲಿದ್ದವನು, "ಆ ತುಂಡಾ? ಬೆಳಿಗ್ಗೆ ಒಲೆ ಹಚ್ಚೋಕೆ ಹಾಕ್ದೆ, ಸ್ವಾಮಿ. ಭಗ್ ಅಂತ ಹತ್ಕೊಂಡ್ಬುಡ್ತು" ಎಂದ.

ಆಚೆ ಬಂದಾಗ ಆರೋಗ್ಯಪ್ಪ ಟೆಂಟಿನ ಗೂಟಕ್ಕೆ ಒರಗಿ ನಿಂತಿದ್ದ. ಗೋವಿಂದರಾಜು ಬರಿಗೈಯನ್ನು ತೋರಿಸಿ, ಅಲ್ಲೇ ನೆಲದ ಮೇಲೆ ಕುಸಿದು ತಲೆ ತಲೆ ಚಚ್ಚಿಕೊಂಡ.

"ಮೊದ್ಲೇ ಹೇಳ್ಬಾರ್ದಿತ್ತೇನೋ, ಆರೋಗ್ಯ? ಒಂದೇ ಒಂದು ಮಾತು?"

"ಎಂಗೆ ಹೇಳ್ಲಿ?" ಎಂದ ಆರೋಗ್ಯಪ್ಪ. "ನೀವು ನಗ್ತಿದ್ರಲ್ಲ."