ಮತ್ತೆ ಅಂಗೈಗೆ ಬಂದ ಲಿಂಗ

ಹೋದ ವರ್ಷ ಶ್ರಾವಣದಲ್ಲಿ ನನ್ನ ಕೊರಳಿನ ಇಷ್ಟಲಿಂಗವನ್ನು ನಾನೇ ಬಿಚ್ಚಿ ದೇವರ ಜಗಲಿಯ ಮೇಲಿಟ್ಟೆ. ಭಕ್ತ ಬಂಧುಗಳೇ, ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ನಾನು ಬೈಲಹೊಂಗಲದ ಕಡೆಯವನು. ಮೂವತ್ತು ವರ್ಷದಿಂದ ಗೋವಾದ ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆ. ಪಕ್ಕದ ಕುಂಡಯಿ ಊರಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಜನರೇ ಗಿರಾಕಿಗಳು. ಆ ಶ್ರಾವಣಕ್ಕೆ ಮುಂಚೆ, ನನಗೆ ಕರುಳಿನ ಕ್ಯಾನ್ಸರ್ ಎಂದು ತಿಳಿಯುವ ಮೊದಲೇ, ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆಯಿತು. ಎಚ್ಚರವಾದಾಗ ಹೊಟ್ಟೆಯ ಎಡಕ್ಕೆ ಒಂದು ರಂಧ್ರ, ಅದರ ಮೇಲೆ ಅಂಟಿಸಿದ ಚೀಲ. ಇನ್ನು ಮಲ ಹೋಗುವುದು ಅದರಲ್ಲೇ ಎಂದರು.

ಮನೆಗೆ ಬಂದ ಮೇಲೆ ಚೀಲ ಸೋರತೊಡಗಿತು. ಸುತ್ತಲಿನ ಚರ್ಮ ಹುಣ್ಣಾಯಿತು. ಪೂಜೆಗೆ ಕೂತರೆ ಸಾಕು, ಅಂಚು ಬಿಟ್ಟು ಧೋತರ ಒದ್ದೆಯಾಗುತ್ತಿತ್ತು. ಮೂರನೆಯ ಸಲ ಹಾಗಾದ ದಿನ ಲಿಂಗ ತೆಗೆದಿಟ್ಟೆ.

ಹೆಂಡತಿ ನೀಲವ್ವ ಬಾಗಿಲಲ್ಲೇ ನಿಂತಳು. “ಲಿಂಗ ಕಟ್ಟಿದವರಿಗೆ ಮೈಲಿಗಿ ಎಲ್ಲೀದ್ರಿ?” ಎಂದಳು.

“ನಿನಗ ವಾಸನಿ ಬರೂದಿಲ್ಲೇನ?” ಎಂದೆ.

ಅವಳು ಹೋಗಿ ಕಿಟಕಿ ತೆರೆದಳು. ಬರುತ್ತಿತ್ತು.

ಚೀಲ ತುಂಬಬಾರದೆಂದು ಊಟ ಬಿಟ್ಟೆ. ಅಂಗಿ ಮೈಮೇಲೆ ಜೋತಾಡತೊಡಗಿತು. ತಪಾಸಣೆಗೆ ಹೋಗುವಾಗ ಬಸ್ಸಿನಲ್ಲಿ ಮತ್ತೆ ಸೋರಿತು. ಮುಂದಿನ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಕಿಟಕಿಯ ಕಡೆ ಮುಖ ಮಾಡಿ ಶಿವನನ್ನು ಕೇಳಿಕೊಂಡೆ: ‘ತಂದೆ, ನಿನ್ನನ್ನು ಮುಟ್ಟುವ ಹಾಗೆ ಮಾಡು. ಇಲ್ಲವಾದರೆ ಕರೆದುಕೋ.’

ಆಸ್ಪತ್ರೆಯಲ್ಲಿ ಸರ್ಜನ್ ನನ್ನನ್ನು ಸಿಸ್ಟರ್ ಲವೀನಾ ಅವರ ಕೋಣೆಗೆ ಕಳಿಸಿದರು. ಇಂಥ ಚೀಲದ ರೋಗಿಗಳ ಆರೈಕೆಯನ್ನೇ ಪ್ರತ್ಯೇಕವಾಗಿ ಓದಿದ ನರ್ಸ್ ಅವರು. ಆ ವಾರವಷ್ಟೇ ಅಲ್ಲಿಗೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ಕಲಿತವರಾದ್ದರಿಂದ ಕನ್ನಡ ಬರುತ್ತಿತ್ತು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಮಲಗಿಸಿಯೇ ನೋಡಿದ್ದರು. ಇವರು ಮೊದಲು ಕೇಳಿದ್ದು, “ಕಾಕಾ, ಯಾವಾಗ ಸೋರತದ?”

ಹೇಳಲು ನಾಚಿಕೆಯಾಯಿತು. ಜೊತೆಗೆ ಬಂದಿದ್ದ ನೀಲವ್ವನೇ ಹೇಳಿದಳು: “ಪೂಜಾಕ್ಕ ಕೂತಾಗ್ರಿ.”

“ಹಂಗಾರ ಪೂಜಾಕ್ಕ ಕೂತಂಗ ಕೂಡ್ರಿ, ನೋಡೋಣ.”

ಮಂಚದ ಮೇಲೆ ಕಾಲು ಮಡಚಿ ಕೂತು, ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದೆ. ಬರಿಗೈ. ಅಳು ತಡೆಯಲಾಗಲಿಲ್ಲ. ಸಿಸ್ಟರ್ ಮಂಡಿಯೂರಿ ಹತ್ತಿರದಿಂದ ನೋಡಿದರು. ಕೂತಾಗ ರಂಧ್ರದ ಪಕ್ಕ ಚರ್ಮ ಮಡಚಿಕೊಂಡು, ಅಲ್ಲಿಂದಲೇ ಚೀಲ ಬಿಡುತ್ತಿತ್ತು. ಆ ಮಡಿಕೆಗೆ ಮುಲಾಮಿನಂಥದ್ದನ್ನು ತುಂಬಿ, ಬೇರೆ ನಮೂನೆಯ ಚೀಲ ಆರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿದರು. ಹುಣ್ಣಿಗೆ ಪುಡಿ ಹಾಕುವುದನ್ನು ನನ್ನ ಕೈಯಿಂದಲೇ ಮಾಡಿಸಿದರು. ಅವರು ಬರೆದ ಚೀಟಿ ನೋಡಿದ ಸರ್ಜನ್, ಈ ವಿಷಯದಲ್ಲಿ ಸಿಸ್ಟರ್ ಮಾತೇ ಕೊನೆಯದು ಎಂದರು.

ಹುಣ್ಣು ಮಾಯಲು ಎರಡು ವಾರ ಹಿಡಿಯಿತು. ಒಂದು ಸೋಮವಾರ ಸ್ನಾನ ಮಾಡಿ ಕೂತೆ. ನೀಲವ್ವ ಲಿಂಗ ತಂದು ಅಂಗೈಯಲ್ಲಿಟ್ಟಳು. ಪೂಜೆ ಮುಗಿಯುವವರೆಗೂ ಧೋತರ ಒಣಗಿಯೇ ಇತ್ತು.

ಈಗ ರೋಗ ಲಿವರಿಗೆ ಹರಡಿದೆ. ಎಷ್ಟು ದಿನ ಎಂದು ಡಾಕ್ಟರು ಹೇಳಿಲ್ಲ, ನಾನೂ ಕೇಳಿಲ್ಲ. ಗುಣವಾಗಲೆಂದು ನಾನು ಬೇಡಿದವನಲ್ಲ. ಬೇಡಿದ್ದನ್ನು ಶಿವನು ಒಬ್ಬ ನರ್ಸಿನ ಕೈಯಲ್ಲಿ ಕೊಟ್ಟು ಕಳಿಸಿದ. ನನ್ನ ಹಿಂದೆ ನೀಲವ್ವನ ಗತಿಯೇನು ಎಂಬ ಸಂಕಟ ಮಾತ್ರ ಉಳಿದಿದೆ. ಅದನ್ನು ದಿನಾ ಬೆಳಿಗ್ಗೆ ಅವನ ಮುಂದೆ ಹೇಳುತ್ತೇನೆ. ಅವನು ಕೇಳಿಸಿಕೊಳ್ಳುತ್ತಾನೆಂದು ಈಗ ನನಗೆ ಗೊತ್ತು.