ಶೇಂಗಾ ಮಾರುವವಳನ್ನು ಹುಡುಕಿಕೊಂಡು

ಅಕ್ಕನ ಮನೆಗೆ ನಾನು ಕೊನೆಯ ಸಲ ಹೋದ ದಿನ ವಿಶೇಷವೇನೂ ಇರಲಿಲ್ಲ. ಕಟಕೋಳದಲ್ಲಿ ಬಸ್ಸಿಳಿದಾಗ ಹನ್ನೊಂದರ ಬಿಸಿಲು. ಪಕ್ಕದ ಹಿಟ್ಟಿನ ಗಿರಣಿಯ ಸಪ್ಪಳದಲ್ಲಿ ನಾನು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ ಇದ್ದವು. ನನ್ನನ್ನು ಕಂಡು, ಸೂಜಿ ತೆಗೆಯದೆ, ಕಣ್ಣಿನಿಂದಲೇ ಕೂರಲು ಹೇಳಿದಳು. ಮಾಮಾ, ಅಂದರೆ ಅವಳ ಗಂಡ, ಹೊಲಕ್ಕೆ ಹೋಗಿದ್ದರು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಉಂಡು ಗೋಡೆಗೆ ಒರಗಿದೆ. ಮರುದಿನ ನಾನು ಇಥಿಯೋಪಿಯಕ್ಕೆ ಹೊರಡುವವನಿದ್ದೆ.

"ಈ ಸಲ ಆಕಿ ಅಲ್ಲೂ ಬರತಾಳೇನೋ ತಮ್ಮಾ?" ಎಂದು ಅಕ್ಕ ಕೇಳಿದಳು.

"ಯಾರು?"

"ಏ ಹುಚ್ಚಪ್ಯಾಲಿ, ಯಾರಂದ್ರ? ನಿನ್ನ ಶೇಂಗಾದಾಕಿ!"

ನಾನು ನಕ್ಕೆ. ಅಕ್ಕ ಎದ್ದು ಟ್ರಂಕು ತೆಗೆದು ಒಂದು ಖಣ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಹಸಿರು ಬಟ್ಟೆ, ಕೆಂಪು ಅಂಚು, ಒಂದು ಕುಪ್ಪಸಕ್ಕೆ ಆಗುವಷ್ಟು. "ಆಕಿಗಂತ ತಗದಿಟ್ಟೇನಿ. ಊರೂರು ನನ್ನ ತಮ್ಮನ ಬೆನ್ನ ಹತ್ತ್ಯಾಳ. ಏನ್ ಬೇಕಂತ ನಾನ ಕೇಳತೇನಿ. ಕಂಡ್ರ ನಮ್ಮ ಮನಿಗೆ ಬಾ ಅನ್ನು."

"ಹೇಳತೇನಿ ಬಿಡು. ಬರತಾಳ," ಎಂದೆ. ಅಕ್ಕ ಖಣವನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟಳು.

ಆ ದಿನ ನಾನು ಅವಳಿಗೆ ಒಂದು ನಿಜ ಹೇಳಬೇಕೆಂದೇ ಹೋಗಿದ್ದೆ. ಹೇಳದೆ ಬಂದೆ. ಮೂರನೆಯ ದಿನ ಮುಂಜಾನೆ ಅಕ್ಕ ತೀರಿಕೊಂಡಳು.

ಆ ನಿಜ ಏನು ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಮೊದಲು ಹೇಳಬೇಕು. ನಾನು ಸಕ್ಕರೆ ಕುದಿಸುವವನು. ಕಬ್ಬಿನ ರಸ ಗಟ್ಟಿಯಾಗಿ ಹರಳುಗಟ್ಟುವ ದೊಡ್ಡ ಪಾತ್ರೆಯ ಮುಂದೆ ನಿಂತು, ಗಾಜಿನ ಚೂರಿನ ಮೇಲೆ ಒಂದು ಹನಿ ಪಾಕ ತೆಗೆದು, ಬೆಳಕಿಗೆ ಹಿಡಿದು, ಹರಳು ಎಷ್ಟು ಬೆಳೆದಿದೆ ಎಂದು ನೋಡುವುದು ನನ್ನ ಕೆಲಸ. ನಮ್ಮ ನೇಸರಗಿ, ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನೊಂದಿಗೆ ಬೆಳೆದವರಿಗೆ ಈ ಕೆಲಸ ಸಿಗುವುದು ದೊಡ್ಡ ಮಾತಲ್ಲ. ಆದರೆ ಕಬ್ಬು ಬೆಳೆಯುವ ಬೇರೆ ದೇಶಗಳಿಗೂ ಇಂಥ ಕೈ ಬೇಕು. ಹಾಗಾಗಿ ಕೀನ್ಯ, ಫಿಜಿ, ಫಿಲಿಪ್ಪೀನ್ಸ್ ಎಂದು ಸುತ್ತಿದೆ. ಊರಲ್ಲಿ ನನ್ನನ್ನು ಜಗತ್ತು ನೋಡಿದವನು ಎನ್ನುತ್ತಾರೆ. ನಾನೂ ಬೇಡವೆನ್ನದೆ ಕೇಳಿಸಿಕೊಂಡಿದ್ದೇನೆ.

ನಿಜವೆಂದರೆ ನಾನು ನೋಡಿದ್ದು ಒಂದೇ ಜಾಗ. ಎಲ್ಲಿ ಹೋದರೂ ಅದೇ ಪಾಕ ಕುದಿಸುವ ಮನೆ, ಅದೇ ಕಾಕಂಬಿಯ ಹುಳಿ ವಾಸನೆ, ತಗಡು ಹೊದಿಸಿದ ಕ್ವಾರ್ಟರ್ಸು, ಒಂದು ಗೇಟು, ಗೇಟಿನಾಚೆ ಕಬ್ಬಿನ ನಡುವೆ ಹೋಗುವ ಒಂದು ರಸ್ತೆ. ಫಿಜಿಯಲ್ಲಿ ಸಮುದ್ರ ಇತ್ತು, ಬಸ್ಸಿನ ಕಿಟಕಿಯಿಂದ ಎರಡು ಸಲ ಕಂಡಿದ್ದೇನೆ. ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಯಾವ ದೇಶದಲ್ಲಿದ್ದೇನೆ ಎಂದು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಒಮ್ಮೆ ಫಿಲಿಪ್ಪೀನ್ಸಿನಲ್ಲಿ ಗೇಟು ದಾಟಿ ಆ ರಸ್ತೆಯಲ್ಲಿ ನಡೆಯುತ್ತ ಹೋದೆ. ಎರಡೂ ಕಡೆ ಆಳೆತ್ತರದ ಕಬ್ಬು, ಗಾಳಿಯಿಲ್ಲದಿದ್ದರೂ ಗರಿಗಳು ಅಲುಗುತ್ತಿದ್ದವು. ಇನ್ನೊಂದು ತಿರುವು ದಾಟಿದರೆ ನೇಸರಗಿಯ ಬಸ್ ನಿಲ್ದಾಣ ಬರುತ್ತದೆ ಎಂದು ಅನ್ನಿಸಿತು. ಅನ್ನಿಸಿತು ಅಷ್ಟೇ ಅಲ್ಲ, ಖಾತ್ರಿ ಇತ್ತು. ಹೆದರಿ ಹಿಂದಿರುಗಿದೆ. ತಿರುವಿನಾಚೆ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಆದರೆ ಪ್ರತಿ ವಾರ ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು: "ಏನ್ ನೋಡೀ? ಒಂದರ ಹೇಳು." ಅವಳು ಸವದತ್ತಿಯ ಗುಡ್ಡದಿಂದ ಆಚೆ ಹೋದವಳಲ್ಲ. ಕೀನ್ಯದಲ್ಲಿದ್ದಾಗ ಗೇಟಿನ ಎದುರು ಒಬ್ಬ ಹೆಂಗಸು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕುದಿಸಿದ ಶೇಂಗಾ ಮಾರುತ್ತ ಕೂರುತ್ತಿದ್ದಳು. ಅದು ನಿಜ. ಅವಳನ್ನೇ ಹೇಳಿದೆ. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮಂತೆಯೇ ಉಪ್ಪು ಹಾಕಿ ಕುದಿಸುತ್ತಾಳೆಯೇ, ಮಕ್ಕಳಿದ್ದಾರೆಯೇ ಎಂದು ತಿಂಗಳುಗಟ್ಟಲೆ ಕೇಳಿದಳು. ಫಿಜಿಗೆ ಹೋದ ಮೇಲೆ ಹೇಳಲು ಏನೂ ಸಿಗದೆ, "ಇಲ್ಲೂ ಒಬ್ಬಾಕಿ ಕುಂತಾಳಕ್ಕಾ, ಥೇಟ್ ಆಕಿನಂಗ" ಎಂದೆ. ಅದು ಸುಳ್ಳು. ಅವಳು ನಂಬಲಿಲ್ಲವೇನೋ ಎಂದು, "ಆಕಿನಂಗ ಇಕಿಗೂ ಎಡಗೈಯಾಗ ಕಿರಿಬೆರಳ ಇಲ್ಲ" ಎಂದು ಇನ್ನೊಂದು ಸುಳ್ಳು ಸೇರಿಸಿದೆ.

ಅಕ್ಕ, "ಹಂಗಾದ್ರ ಆಕಿನ ಇಕಿ," ಎಂದಳು.

ಪಾಕಕ್ಕೆ ನಾವು ಬೀಜ ಹಾಕುತ್ತೇವೆ. ಬೀಜವೆಂದರೆ ಚಿಟಿಕೆ ಸಕ್ಕರೆ ಪುಡಿ. ಅದು ಬಿದ್ದ ಮೇಲೆ ಹರಳು ತಾನಾಗಿ ಬೆಳೆಯುತ್ತದೆ, ನಾವು ಬೇಡವೆಂದರೆ ನಿಲ್ಲುವುದಿಲ್ಲ. ಫಿಲಿಪ್ಪೀನ್ಸಿಗೆ ಹೋದಾಗ ನಾನು ಏನನ್ನೂ ಹೇಳುವ ಮೊದಲೇ ಅಕ್ಕ ಕೇಳಿದಳು, "ಬಂದಾಳೇನು?" ಹೂಂ ಎಂದೆ. ಆಮೇಲೆ ಅವಳೇ ಹೇಳತೊಡಗಿದಳು. ಆ ಹೆಂಗಸು ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂರುತ್ತಾಳೆ, ಕೇಳಿದರೆ ಮೊದಲು ಆಕಾಶ ನೋಡಿ ಆಮೇಲೆ ಉತ್ತರ ಕೊಡುತ್ತಾಳೆ. "ನಿನಗ ಹೆಂಗ ಗೊತ್ತು?" ಎಂದರೆ, "ನೀನ ಹೇಳಿದ್ದಿ" ಎನ್ನುತ್ತಿದ್ದಳು. ನಾನು ಹೇಳಿರಲಿಲ್ಲ.

ಅಕ್ಕ ಸತ್ತ ಹೊತ್ತಿಗೆ ನಾನು ನಡುದಾರಿಯ ಒಂದು ವಿಮಾನ ನಿಲ್ದಾಣದಲ್ಲಿ ಕುಳಿತಿದ್ದೆ. ಮುಂದಿನ ವಿಮಾನ ತಪ್ಪಿತ್ತು, ಫೋನು ಸತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಾನು ತಲುಪಿದ್ದೇನೆ ಎಂದೇ ತಿಳಿದಿದ್ದರು. ತಲುಪಿದ ಮೇಲೆ ಸುದ್ದಿ ಸಿಕ್ಕು, ಅಲ್ಲಿಂದಲೇ ತಿರುಗಿ ಬರುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನ ಆಗಿತ್ತು. ಮಾಮಾ ಕಟ್ಟೆಯ ಮೇಲೆ ಕುಳಿತಿದ್ದರು. "ಮಷಿನ್ ಮುಂದ ಕುಂತಾಕಿ ಕುಂತಂಗ ಹೋಗ್ಯಾಳೋ," ಎಂದರು.

ಉಳಿದದ್ದನ್ನು ಹೇಳಿದವಳು ಎದುರು ಮನೆಯ ಗಂಗವ್ವ.

"ಅಲ್ರಿ ತಮ್ಮಾರ, ಆ ಶೇಂಗಾದಾಕಿ ನಿಮಗ ಭೇಟಿ ಆದ್ಲೇನ್ರಿ?"

ಅಕ್ಕ ಓಣಿಗೆಲ್ಲ ಆ ಕಥೆ ಹೇಳಿದ್ದಾಳೆಂದು ಗೊತ್ತಿತ್ತು. ಆದರೂ, "ಎಲ್ಲಿ?" ಎಂದೆ.

"ಎಲ್ಲಿ ಏನ್ ಕೇಳ್ತೀರಿ, ಇಲ್ಲೆ! ಅವತ್ತ ಮುಂಜಾನಿ ನಿಮ್ಮಕ್ಕನ ಬಾಗಲದಾಗ ಬುಟ್ಟಿ ಇಟ್ಕೊಂಡ ಕುಂತಿದ್ಲು. ಒಂದು ಕಾಲ ಚಾಚಿ. ಎಡಗೈ ಕಿರಿಬೆರಳ ಇರಲಿಲ್ರಿ, ನಾ ಕಣ್ಣಾರೆ ಕಂಡೇನಿ."

ಗಂಗವ್ವ ಹೇಳಿದ್ದು ಇಷ್ಟು. ಅಕ್ಕ ಹೊರಗೆ ಬಂದು ಆ ಹೆಂಗಸಿಗೆ ನೀರು ಕೊಟ್ಟಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಗಿರಣಿ ನಡೆಯುತ್ತಿದ್ದುದರಿಂದ ಒಂದು ಮಾತೂ ಕೇಳಿಸಲಿಲ್ಲ. ಅಕ್ಕ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಒಳಗೆ ಹೋಗಿ ಖಣ, ಕೊಬ್ಬರಿ ಬಟ್ಟಲು, ಅಕ್ಕಿ ತಂದು, ಮನೆಗೆ ಬಂದ ಮುತ್ತೈದೆಗೆ ತುಂಬುವ ಹಾಗೆಯೇ ಅವಳಿಗೆ ಉಡಿ ತುಂಬಿ, ಕುಂಕುಮ ಹಚ್ಚಿ ಕಳಿಸಿದಳು. ಅವಳು ಸವದತ್ತಿ ಬಸ್ಸು ಹತ್ತಿದಳು.

"ಹೋದ ಮ್ಯಾಲ ನಿಮ್ಮಕ್ಕ ನನ್ನ ಕಡೆ ಹೊಳ್ಳಿ, 'ತಮ್ಮ ಇನ್ನೂ ಮುಟ್ಟಿಲ್ಲಂತ ಗಂಗವ್ವಾ, ಹಾದ್ಯಾಗ ಅದಾನಂತ' ಅಂದ್ಲು ನೋಡ್ರಿ. ಹಂಗಂದು ಒಳಗ ಹೋದಾಕಿ..." ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಟ್ರಂಕಿನಲ್ಲಿ ಆ ಹಸಿರು ಖಣ ಇರಲಿಲ್ಲ.

ನೀವು ಏನು ಹೇಳುತ್ತೀರಿ ಎಂದು ಗೊತ್ತು. ಯಾರೋ ಬಡ ಹೆಂಗಸು ಶೇಂಗಾ ಮಾರುತ್ತ ಬಂದಳು, ಅಕ್ಕ ಅವಳನ್ನು ನನ್ನ ಕಥೆಯವಳೆಂದುಕೊಂಡಳು, ಗಂಗವ್ವ ಕಥೆಯಲ್ಲಿ ಕೇಳಿದ್ದ ಬೆರಳಿನ ಕೊರತೆಯನ್ನು ಆ ಕೈಯಲ್ಲೂ ಕಂಡಳು. ನಾನೂ ನನಗೆ ಹಾಗೆಯೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಸವದತ್ತಿಗೆ ಹೋಗಿ ಅವಳನ್ನು ಹುಡುಕಿದೆ. ಮೂರು ದೇಶ ಸುತ್ತಿದರೂ ಒಂದು ಊರನ್ನು ಕಣ್ಣುಬಿಟ್ಟು ನೋಡದವನು, ನಾನೇ ಹುಟ್ಟಿಸಿದ ಹೆಂಗಸಿಗಾಗಿ ಸಂತೆಯಿಂದ ಸಂತೆಗೆ ಬೀದಿ ಬೀದಿ ನೋಡಿದೆ.

ಸವದತ್ತಿಯಲ್ಲಿ ಗುಡ್ಡದ ದಾರಿಯ ಹೂವಿನವಳು, "ನಿನ್ನಿ ಇಲ್ಲೇ ಇದ್ಲಲ್ರಿ, ಬೈಲಹೊಂಗಲಕ್ಕ ಹೋಗ್ಯಾಳ" ಎಂದಳು. ಬೈಲಹೊಂಗಲದಲ್ಲಿ ಕಾಯಿಪಲ್ಯದವನು, "ಕಿತ್ತೂರ ಕಡೆ ನೋಡ್ರಿ" ಎಂದ. ಇಬ್ಬರೂ ನನ್ನ ಮುಖ ನೋಡಿ ಮರುಕದಿಂದ ಹೇಳಿದರೆಂದು ಆಮೇಲೆ ಹೊಳೆಯಿತು. ಕೇಳುವವರಿಗೆ ಇಲ್ಲ ಎನ್ನಲಾರದೆ ಹೇಳುವ ಸುಳ್ಳು ನನಗೆ ಹೊಸದಲ್ಲ. ಕಿತ್ತೂರಿನಲ್ಲಿ ಕೋಟೆಯ ಹತ್ತಿರ ಶೇಂಗಾ ಮಾರುವವಳೊಬ್ಬಳು ಸಿಕ್ಕೇ ಸಿಕ್ಕಳು. ಅವಳ ಕೈಯನ್ನು ನಾನು ನೋಡುವ ರೀತಿಗೆ ಸಿಟ್ಟಾಗಿ, ಎರಡೂ ಅಂಗೈ ಮುಖದ ಮುಂದೆ ಹಿಡಿದಳು. "ತಗೋರಿ, ಎಣಿಸ್ಕೋರಿ! ಹತ್ತು ಅದಾವಿಲ್ಲೋ? ಶೇಂಗಾ ತಗೊಳ್ಳಾಕ ಬಂದೀರೋ, ಬೆರಳ ತಗೊಳ್ಳಾಕ ಬಂದೀರೋ?" ಸುತ್ತಲಿದ್ದವರು ನಕ್ಕರು. ಅಕ್ಕ ಸತ್ತ ಮೇಲೆ ಮೊದಲ ಸಲ ನಾನೂ ನಕ್ಕೆ. ನಾಚಿಕೆಯಿಂದ ಎರಡು ಪೊಟ್ಟಣ ಕೊಂಡೆ.

ಅಲ್ಲಿಗೆ ಮುಗಿಸಬೇಕಿತ್ತು. ರಾಮದುರ್ಗ ಒಂದು ಉಳಿದಿತ್ತು. ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ, ಚಹಾ ಮಾಡುವ ಮುದುಕನನ್ನು ಅಂಥ ಒಬ್ಬಳನ್ನು ಕಂಡಿದ್ದೀರಾ ಎಂದಷ್ಟೇ ಕೇಳಿದೆ. ಮುದುಕ ಸೋಸುತ್ತಿದ್ದ ಚಹಾ ನಿಲ್ಲಿಸದೆ ಹೇಳಿದ: "ಒಂದ ಸಲ ಬಂದಿದ್ಲು. ನೀರ ಕೇಳಿದ್ಲು. ಎಲ್ಲಿಗೆ ಹೊಂಟೀ ಅಂದೆ. ಒಂದಿಷ್ಟು ಹೊತ್ತು ಮ್ಯಾಲ ನೋಡಿ, 'ಕಟಕೋಳಕ್ಕ, ಅಲ್ಲಿ ಒಬ್ಬಾಕಿ ಬಾ ಅಂತ ಹೇಳಿ ಕಳಿಸ್ಯಾಳ' ಅಂದ್ಲು."

ನಾನು ಕಟಕೋಳದ ಹೆಸರು ಎತ್ತಿರಲಿಲ್ಲ. ಕಟಕೋಳದ ಬಸ್ಸಿನಿಂದ ಇಳಿದದ್ದನ್ನು ಅವನು ನೋಡಿರಬಹುದು. ನೋಡಿರಬೇಕು.

ಈಗ ನೇಸರಗಿಯಲ್ಲೇ ಇದ್ದೇನೆ. ಇಥಿಯೋಪಿಯದವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ದೇಶಗಳ ಬಗ್ಗೆ ಯಾರಾದರೂ ಕೇಳಿದರೆ ಕುದಿಸುವ ಮನೆ, ಕ್ವಾರ್ಟರ್ಸು, ಬಸ್ಸಿನ ಕಿಟಕಿ ಎಂದು ಕಂಡದ್ದನ್ನಷ್ಟೇ ಹೇಳುತ್ತೇನೆ. ಕೇಳಿದವರು ಬೇಗ ಎದ್ದು ಹೋಗುತ್ತಾರೆ. ಹೋಗಲಿ.

ನನ್ನನ್ನು ಕಾಡುವುದು ಆ ಹೆಂಗಸು ಯಾರೆಂಬುದಲ್ಲ. ಅವಳು ಬರೀ ಶೇಂಗಾ ಮಾರುವವಳಾಗಿದ್ದರೆ, ಫಿಜಿಯಿಂದ ಯಾವಾಗ ಬಂದಿ ಎಂದು ಅಕ್ಕ ಖಂಡಿತ ಕೇಳಿರುತ್ತಾಳೆ. ಯಾವ ಫಿಜಿ ಎಂದು ಅವಳು ಅಂದಿರುತ್ತಾಳೆ. ಅಕ್ಕನ ನಗು ನಿಂತದ್ದು ಆಗಲೇ ಇರಬೇಕು. ತಮ್ಮ ಸುಳ್ಳುಗಾರ ಎಂದು ಓಣಿಗೆ ತಿಳಿಯದಿರಲಿ ಎಂದು ಉಡಿ ತುಂಬಿ ಕಳಿಸಿ, ಅವಳು ನನ್ನನ್ನು ಕಂಡೇ ಬಂದವಳೆಂಬಂತೆ ಗಂಗವ್ವನಿಗೆ ಹಾಗೆ ಹೇಳಿದ್ದಾಳು. ಚಿಕ್ಕವನಿದ್ದಾಗಲೂ ನನ್ನ ತಪ್ಪನ್ನು ಹಾಗೆಯೇ ಮುಚ್ಚುತ್ತಿದ್ದಳು. ಅದಕ್ಕೇ, ಓದುವವರೇ, ಆ ಹೆಂಗಸು ನಾನು ಹೇಳಿದವಳೇ ಆಗಿರಲಿ, ಸಮುದ್ರ ದಾಟಿಯೇ ಬಂದಿರಲಿ ಎಂದು ನಾನು ಬಯಸುತ್ತೇನೆ. ಬಯಸಿದ ದಿನವೆಲ್ಲ, ಅವಳು ಇಲ್ಲಿಗೂ ಬಂದಾಳೆಂದು ಹೆದರಿ, ಕಬ್ಬಿನ ಕಡೆಯ ಹಿತ್ತಲ ಬಾಗಿಲು ಹಾಕಿಕೊಂಡಿರುತ್ತೇನೆ.

ಅಕ್ಕನಿಗೆ ನಿಜ ಗೊತ್ತಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.