ಹಡೇಬೆಯವರ ನಡುಮನೆಯ ಹವಳದ ತೊಟ್ಟಿ

ಡರ್ಬನ್ ಪಕ್ಕದ ನಮ್ಮ ಉಮ್ಲಾಜಿಯಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ವೆಲಾಪಿ ಹಡೇಬೆಯ ಕೈಯಲ್ಲಿ ಬೈಸಿಕೊಂಡೇ ಕಲಿತವರು. ಬೈಗುಳ ಅಂದರೆ ಒಂದೇ ಮಾತು: "ನಿಧಾನ!" ಅವನ ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ ಗುರುವಿನ ಕಡೆಗೂ ಒಂದು ಬ್ರೇಕಿತ್ತು. ವರ್ಷಗಟ್ಟಲೆ ಅದನ್ನು ತುಳಿದು ತುಳಿದು ಅವನ ಬಲಗಾಲಿಗೆ ಅದೇ ಚಟವಾಗಿಬಿಟ್ಟಿತ್ತು. ಚರ್ಚಿನಲ್ಲಿ ಪಾದ್ರಿಯ ಪ್ರವಚನ ದಾರಿ ತಪ್ಪಿದರೂ ಬೆಂಚಿನ ಕೆಳಗೆ ನೆಲ ಒತ್ತುತ್ತಿದ್ದ. ಇಂಥ ಮನುಷ್ಯನಿಗೆ ತಲೆ ನರೆತ ಮೇಲೆ ಹವಳದ ಹುಚ್ಚು ಹಿಡಿಯಿತು ನೋಡಿ, ಅದಕ್ಕೆ ಮಾತ್ರ ಬ್ರೇಕೇ ಇರಲಿಲ್ಲ.

ಹುಚ್ಚು ಹತ್ತಿಸಿದವಳು ಚಾಟ್ಸ್‌ವರ್ತಿನ ನಾಯ್ಡು ಮೇಡಂ. ಪಾಠಕ್ಕೆ ಕರೆದೊಯ್ಯಲು ಹೋದವನನ್ನು "ಒಂದು ನಿಮಿಷ, ಸೀರೆ ಬದಲಾಯಿಸ್ಕೊಂಡು ಬರ್ತೀನಿ" ಎಂದು ಆಕೆ ನಡುಮನೆಯಲ್ಲಿ ಕೂರಿಸಿದಳು. ಎದುರಿಗೆ ಗಾಜಿನ ತೊಟ್ಟಿ. ಒಳಗೆ ನೀಲಿ ಬೆಳಕು, ಬೆರಳು ಬೆರಳಾಗಿ ಬೆಳೆದ ಹವಳ, ಅದರ ಸಂದಿಯಲ್ಲಿ ನುಸುಳುವ ಮೀನು. ಆಕೆ ಸೀರೆ ಉಟ್ಟು ಬಂದು ಕೀಲಿಕೈ ಅಲ್ಲಾಡಿಸಿದರೂ ಇವನು ಏಳಲಿಲ್ಲ. ಹುಟ್ಟಿದಾಗಿನಿಂದ ಡರ್ಬನ್ ಕಡಲನ್ನು ಮೇಲಿನಿಂದಷ್ಟೇ ನೋಡಿದವನು, ಅದರ ಹೊಟ್ಟೆಯೊಳಗೆ ಏನಿದೆ ಅಂತ ಅವತ್ತೇ ಕಂಡದ್ದು. ಆಕೆ ಲೈಸೆನ್ಸ್ ಪರೀಕ್ಷೆಯಲ್ಲಿ ನಪಾಸಾದಳು ಅನ್ನುವುದು ಬೇರೆ ಮಾತು.

ಅದೇ ತಿಂಗಳು ಅವನ ಒಬ್ಬಳೇ ಮಗಳು ಲಿಂದೆಲ್ವಾ ಊಟದ ಹೊತ್ತಿಗೆ ಸುದ್ದಿ ಹೇಳಿದಳು: ನ್ಯೂಕ್ಯಾಸಲ್ ಕಡೆಯ ಸನೆಲೆ ಎಂಬ ಹುಡುಗ ಅವಳನ್ನು ಕೇಳಲು ಮನೆಯ ಹಿರಿಯರನ್ನು ಕಳಿಸುತ್ತಾನಂತೆ, ವರ್ಷದ ಕೊನೆಗೆ. ಲಿಂದೆಲ್ವಾ ಬಸ್ ಸ್ಟಾಪಿನ ಹತ್ತಿರ ಜಡೆ ಹೆಣೆಯುವ ಅಂಗಡಿ ಇಟ್ಟವಳು. ಅಲ್ಲಿ ದಿನವಿಡೀ ಮಾತಾಡಿದ್ದು ಸಾಲದೆ, ಅದನ್ನೆಲ್ಲ ಮನೆಗೆ ತಂದು ಅಪ್ಪನ ಮುಂದೆ ಮತ್ತೊಮ್ಮೆ ಸುರಿಯುತ್ತಿದ್ದಳು. ಸುದ್ದಿ ಕೇಳಿ ವೆಲಾಪಿ "ಒಳ್ಳೇದು" ಎಂದ. ಮರುದಿನ ಸೀಮೆಸುಣ್ಣ ಹಿಡಿದು ನಡುಮನೆಯ ನೆಲದ ಮೇಲೆ ಆಳುದ್ದದ ಚೌಕ ಎಳೆದ.

"ಇದೇನಿದು, ಗೋರಿನಾ?" ಎಂದಳು ಹೆಂಡತಿ ಮಾಜೋಂದಿ.

"ತೊಟ್ಟಿ. ಹವಳದ ತೊಟ್ಟಿ."

"ಅಲ್ಲಿ ನನ್ನ ಗಾಜಿನ ಬೀರು ಇದೆ ಕಣಯ್ಯ!"

ಆ ಬೀರುವಿನಲ್ಲಿ ಅವಳ ಮದುವೆಯ ಪಿಂಗಾಣಿ, ಲೋಟ, ತೀರಿಹೋದ ಅತ್ತೆಯ ಫೋಟೋ ಎಲ್ಲ ಇದ್ದವು. ವಾರವೆಲ್ಲ ಜಗಳವಾಗಿ ಕೊನೆಗೆ ಬೀರು ಮಲಗುವ ಕೋಣೆಗೆ ಹೋಯಿತು, ಮಾಜೋಂದಿಯ ಮಾತು ಮಾತ್ರ ನಡುಮನೆಯಲ್ಲೇ ಉಳಿಯಿತು. "ಮಗಳು ಹೋಗ್ತಾಳಲ್ಲ, ಅದಕ್ಕೇ ಈ ಗಂಡಸು ಮನೇಲಿ ಕಡಲು ತುಂಬ್ತಿದಾನೆ," ಎಂದು ಬಂದವರ ಮುಂದೆಲ್ಲ ಅನ್ನುತ್ತಿದ್ದಳು. "ಅದಕ್ಕೂ ಇದಕ್ಕೂ ಏನೇ ಸಂಬಂಧ?" ಎಂದು ಇವನು ರೇಗುತ್ತಿದ್ದ.

ಯೋಜನೆಗೇನೂ ಕಡಿಮೆ ಇರಲಿಲ್ಲ. ನೀರು ತುಂಬಿದರೆ ತೊಟ್ಟಿ ತನ್ನ ಕಾರಿಗಿಂತ ಭಾರ ಎಂದು ಲೆಕ್ಕ ಹಾಕಿ ನೆಲ ಅಗೆಸಿ ಕಾಂಕ್ರೀಟು ಹಾಕಿಸಿದ. ಗೋಡೆ ಅಳೆದ, ಪೈಪು ಅಳೆದ, ಬಾಗಿಲು ಸಾಲದೆಂದು ಕಿಟಕಿ ಅಳೆದ. ಕಳ್ಳರ ಭಯಕ್ಕೆ ಕಿಟಕಿಗೆ ಹಾಕಿಸಿದ್ದ ಕಂಬಿಗಳನ್ನು ಮಾತ್ರ ಮರೆತ! ಚರ್ಚಿನ ಗಾಯಕವೃಂದದ ಗಂಡಸರೆಲ್ಲ ತೊಟ್ಟಿಯನ್ನು ಹೆಗಲ ಮೇಲೆ ಹೊತ್ತು ಬಂದು ಕಿಟಕಿಯ ಮುಂದೆ ನಿಂತರು. ವೆಲ್ಡಿಂಗಿನವನು ಬಂದು ಕಂಬಿ ಕತ್ತರಿಸುವವರೆಗೆ ಇಳಿಸಲು ಜಾಗವಿಲ್ಲದೆ ಶವಯಾತ್ರೆಯ ಹಾಡು ಹಾಡುತ್ತ ನಿಂತೇ ಇದ್ದರು.

ನೀರಿಗೆ ಪ್ರತಿ ಶನಿವಾರ ಬೆಳಗ್ಗೆ ಅಪ್ಪ ಮಗಳು ಡ್ರಮ್ಮು ಹೇರಿಕೊಂಡು ಕಡಲಿಗೆ ಹೋದರು. ನಮ್ಮಲ್ಲಿ ಕಡಲ ನೀರನ್ನು ಮೈಗೆ, ಹೊಟ್ಟೆಗೆ, ದೃಷ್ಟಿಗೆ ಎಂದು ಬಾಟಲಿಯಲ್ಲಿ ತರುವುದುಂಟು. ಡ್ರಮ್ಮುಗಟ್ಟಲೆ ತರುವವನನ್ನು ಕಂಡು, ಹಡೇಬೆ ನಾಟಿವೈದ್ಯ ಶುರುಮಾಡಿದ್ದಾನೆ ಅಂತ ಗುಲ್ಲೆದ್ದಿತು. ಮೊಣಕಾಲು ನೋವಿನ ಮುದುಕಿಯರು ಗೇಟಿನ ಮುಂದೆ ಕೂತರು. ಲಿಂದೆಲ್ವಾ ಅವರಿಗೆಲ್ಲ ಒಂದೊಂದು ಮಗ್ಗು ಹೊಯ್ದು ಕಳಿಸಿದಳು. ಎಷ್ಟೋ ಜನಕ್ಕೆ ವಾಸಿಯೂ ಆಯಿತಂತೆ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಕಲ್ಲು, ಮರಳು, ನೀರು ಹಾಕಿ, ಅದರೊಳಗೆ ಕಣ್ಣಿಗೆ ಕಾಣದ ಜೀವ ನೆಲೆಗೊಳ್ಳುವವರೆಗೆ ಮೀನು ಬಿಡುವ ಹಾಗಿಲ್ಲ ಎಂದು ನಾಯ್ಡು ಮೇಡಂ ತಾಕೀತು ಮಾಡಿದ್ದಳು. ವಾರಗಟ್ಟಲೆ ಮನುಷ್ಯ ಕುರ್ಚಿ ಹಾಕಿಕೊಂಡು ಕಲ್ಲು ನೋಡುತ್ತ ಕೂತ. ಕಲ್ಲು ಕಂದಾಯಿತು, ಹಸಿರಾಯಿತು, ಪಾಚಿ ಹಿಡಿದು ಹೊಲಸಾಯಿತು. ಅಣ್ಣ ಎಲಿಫಾಸ್ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕ.

"ಏನಪ್ಪಾ ಬುಂಗಾನೆ, ಕಲ್ಲು ಸಾಕ್ತಿದೀಯಾ? ಮರಿ ಹಾಕಿದ್ರೆ ನಂಗೂ ಒಂದು ಕೊಡಪ್ಪ," ಎಂದು ಕುಲದ ಹೆಸರು ಹಿಡಿದೇ ಹಂಗಿಸಿದ.

"ನಗು, ನಗು. ಅವಸರ ಮಾಡಿದ್ರೆ ಅಪಘಾತ," ಎಂದ ವೆಲಾಪಿ.

ಕೊನೆಗೆ ಅವನ ನಿಧಾನವೇ ಗೆದ್ದಿತು. ಮೊದಲು ಬಸವನಹುಳು ಬಂದು ಪಾಚಿ ತಿಂದವು. ಆಮೇಲೆ ಕಿತ್ತಳೆ ಬಣ್ಣದ ಜೋಡಿ ಬಂತು, ಮೂತಿ ಸೊಟ್ಟಗಿನ ಹಳದಿ ಮೀನೊಂದು ಬಂತು. ಅದು ಎಲ್ಲರನ್ನೂ ಅನುಮಾನದಿಂದ ನೋಡುತ್ತ ಸುತ್ತುತ್ತಿದ್ದುದರಿಂದ ಲಿಂದೆಲ್ವಾ ಅದಕ್ಕೆ 'ಇನ್ಸ್‌ಪೆಕ್ಟರ್' ಎಂದು ಹೆಸರಿಟ್ಟಳು. ನಾಯ್ಡು ಮೇಡಂ ಮತ್ತು ಅವಳ ಸ್ನೇಹಿತರು ತಮ್ಮ ಹವಳದಿಂದ ಉಗುರಿನಷ್ಟು ತುಂಡು ಮುರಿದುಕೊಟ್ಟರು. ಮಗಳು ಕಲ್ಲಿನ ಮೇಲೆ ಅಂಟಿಸಿದಳು, ಅಪ್ಪ "ನಿಧಾನ, ನಿಧಾನ" ಎಂದ. ಸಂಜೆ ಅವಳು ಅಂಗಡಿಯ ಕತೆ ಹೇಳುತ್ತಿದ್ದರೆ ಹಿಂದುಗಡೆ ಪಂಪುಗಳು ಗುಳುಗುಳು ಅನ್ನುತ್ತಿದ್ದವು. ಯಾರ ಸದ್ದು ಹೆಚ್ಚು ಅಂತ ಹೇಳುವುದು ಕಷ್ಟವಿತ್ತು.

ಕರೆಂಟು ಹೋಗುವುದು ನಮಗೆ ಆ ವರ್ಷ ಊಟ ತಿಂಡಿಯಷ್ಟು ಮಾಮೂಲು. ಪಂಪು ನಿಂತು ನೀರು ಅಲುಗದಿದ್ದರೆ ತೊಟ್ಟಿಯ ಜೀವಗಳಿಗೆ ಉಸಿರಿಲ್ಲ. ಅದಕ್ಕೇ ವೆಲಾಪಿ ಬ್ಯಾಟರಿ ತಂದು, ಕೋಣೆಗಳ ಮುಂದಿನ ಹಜಾರದಲ್ಲಿ ಅದರದೇ ಸಾಕೆಟ್ಟು ಮಾಡಿಸಿ, "ಮುಟ್ಟಿದರೆ ಜೋಕೆ" ಎಂದು ಬರೆದಿಟ್ಟಿದ್ದ.

ಕೊನೆಗೂ ಸನೆಲೆಯ ಹಿರಿಯರು ಬರುವ ಶನಿವಾರ ಬಂತು. ನಮ್ಮ ಪದ್ಧತಿಯಲ್ಲಿ ಹುಡುಗಿಯ ಅಪ್ಪ ಮಾತುಕತೆಗೆ ಕೂರುವಂತಿಲ್ಲ. ಅಣ್ಣತಮ್ಮಂದಿರು ಮಾತಾಡುತ್ತಾರೆ, ಅವನು ಒಳಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಹುಡುಗಿಯೂ ಅಷ್ಟೇ, ಕರೆಯುವವರೆಗೆ ಮುಖ ತೋರಿಸಬಾರದು. ಎಲಿಫಾಸ್ ಕೋಟು ಟೈ ಬಿಗಿದು ಬಂದವನೇ ತಮ್ಮನಿಗೆ ಬೆರಳು ತೋರಿಸಿದ: "ಅವರು ಒಳಗೆ ಬಂದ್ಮೇಲೆ ನೀನು ಕೆಮ್ಮಿದ್ರೂ ನಾನು ಟೋಪಿ ಎತ್ಕೊಂಡು ಹೊರಟೆ, ತಿಳೀತಾ?"

ಹುಡುಗನ ಕಡೆಯವರು ಬೆಳಗ್ಗೆಯೇ ಗೇಟಿನಲ್ಲಿ ನಿಂತು ಹಡೇಬೆ ಕುಲವನ್ನು ಹೊಗಳಿ ಕೂಗಿದರು. ಕೂಗಿದ ಕೂಡಲೇ ತೆಗೆದರೆ ಮನೆತನಕ್ಕೆ ಮರ್ಯಾದೆಯೇ? ಸ್ವಲ್ಪ ಕಾಯಿಸಬೇಕು. ಎಲಿಫಾಸ್ ಆ 'ಸ್ವಲ್ಪ'ವನ್ನು ರಬ್ಬರಿನಂತೆ ಎಳೆದ. ಡರ್ಬನ್ನಿನ ಡಿಸೆಂಬರ್ ಅಂದರೆ ನಡುಬೇಸಿಗೆ, ಸುಡುವ ಬಿಸಿಲು ಬೇರೆ. ಒಳಗೆ ಬರುವಷ್ಟರಲ್ಲಿ ಅವರ ಮುಖಂಡ, ಶಬಾಂಗು ಎಂಬ ಮುದುಕ, ಬೆಂದುಹೋಗಿದ್ದ.

ಮಲಗುವ ಕೋಣೆಯಲ್ಲಿ ಗಾಜಿನ ಬೀರುವಿಗೆ ಒರಗಿ ಕೂತ ವೆಲಾಪಿಗೆ ಎಲ್ಲ ಕೇಳಿಸುತ್ತಿತ್ತು.

"ನಾವು ಭಿಕ್ಷೆಗೆ ಬಂದೋರಲ್ಲ," ಶಬಾಂಗುವಿನ ದನಿ. "ನಾಯೀನೂ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸಲ್ಲ."

"ಹೆಣ್ಣು ಕೇಳೋರಿಗೆ ಕಾಲು ಗಟ್ಟಿ ಇರ್ಬೇಕು," ಎಲಿಫಾಸ್.

"ಇನ್ನೊಂದು ಮಾತು ಇಂಥದ್ದು ಬಂದ್ರೆ ನಾವು ಎದ್ದೆವು ಅಂತಲೇ ತಿಳ್ಕೊಳ್ಳಿ!"

ವೆಲಾಪಿಯ ಬಲಗಾಲು ನೆಲ ಒತ್ತಿತು. ಅಷ್ಟರಲ್ಲಿ ಇನ್ನೇನೋ ತಪ್ಪಿದೆ ಅನ್ನಿಸಿತು. ಪಂಪಿನ ಸದ್ದಿಲ್ಲ. ಆಗಲೇ ಮಾಜೋಂದಿ ಕೋಣೆಗೆ ನುಗ್ಗಿ ಪಿಸುಗುಟ್ಟಿದಳು.

"ಆಗ್ಲೇ ಕರೆಂಟು ಹೋಗಿತ್ತು. ನಿಮ್ಮತ್ತಿಗೆ ಚಹಾದ ಹಂಡೇನ ತಗೊಂಡ್ಹೋಗಿ ಆ ಬ್ಯಾಟರಿ ಸಾಕೆಟ್ಟಿಗೇ ಚುಚ್ಚಿಬಿಟ್ಟಿದಾಳೆ. ಚಹಾ ಕುದೀತು, ಬ್ಯಾಟರಿ ಸತ್ತಿತು. ಬಾಗಿಲ ಸಂದೀಲಿ ನೋಡ್ದೆ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಹೋಗಿ ಹೇಳ್ಲಾ?"

ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಹಾಗಾಯಿತು ಅವನ ಸ್ಥಿತಿ. ಒಂದು ವರ್ಷದ ಕಡಲು ಆ ಗೋಡೆಯಾಚೆ ಉಸಿರು ಕಟ್ಟುತ್ತಿದೆ. ಅದೇ ಗೋಡೆಯಾಚೆ ಶಬಾಂಗು ಏಳಲು ನೆವ ಕಾಯುತ್ತಿದ್ದಾನೆ. ವೆಲಾಪಿ ಕಣ್ಣು ಮುಚ್ಚಿದ.

"ಬೇಡ. ಸಾಯ್ಲಿ ಬಿಡು."

"ಅಯ್ಯೋ, ಎಲ್ಲಾನೂನಾ?"

"ಎಲ್ಲಾನೂ ಸಾಯ್ಲಿ ಕಣೇ! ಮಗಳ ಮಾತುಕತೆ ಕೆಡಬಾರ್ದು."

ದನಿ ತಗ್ಗಿಸಿಯೇ ಹೇಳಿದ್ದ. ಆದರೆ ಪಕ್ಕದ ಕೋಣೆಯಲ್ಲಿ ಹುಡುಗಿಯರ ನಡುವೆ ಕೂತಿದ್ದ ಲಿಂದೆಲ್ವಾಳಿಗೂ ಅವನಿಗೂ ಮಧ್ಯೆ ಇದ್ದದ್ದು ಬರೀ ಹಲಗೆ. ಆ ಕಡೆ ಬಾಗಿಲು ತೆರೆದ ಸದ್ದಾಯಿತು. ಹಜಾರದಲ್ಲಿ ಬರಿಗಾಲು ದಡದಡ ಓಡಿತು. ನಡುಮನೆಯಲ್ಲಿ ಜಗಳ ಥಟ್ಟನೆ ನಿಂತಿತು. ಆಮೇಲೆ ನೀರು. ಯಾರೋ ಮಗ್ಗಿನಲ್ಲಿ ಎತ್ತಿ ಎತ್ತಿ ಮೇಲಿನಿಂದ ಹೊಯ್ಯುತ್ತಿದ್ದರು.

"ಏಯ್ ಹುಡುಗಿ!" ಎಲಿಫಾಸ್ ಗುಡುಗಿದ. "ಯಾರು ಕರೆದ್ರು ನಿನ್ನ? ಮನೆತನದ ಮಾನ ಕಳೀಬೇಡ, ಒಳಗೆ ನಡಿ!"

"ದೊಡ್ಡಪ್ಪ, ಬೈಯೋದಿದ್ರೆ ಆಮೇಲೆ ಬೈಯಿ. ಪಂಪು ನಿಂತಿದೆ, ಮೀನು ಸಾಯ್ತಿವೆ. ನನ್ನ ಮಾತುಕತೆ ಕೆಡಬಾರ್ದು ಅಂತ ಅಪ್ಪ ಎಲ್ಲಾನೂ ಸಾಯ್ಲಿ ಅಂತ ಹಲ್ಲು ಕಚ್ಕೊಂಡು ಕೂತಿದಾನೆ. ನಂಗೆ ಹಾಗೆ ಕೂರಕ್ಕಾಗಲ್ಲ."

ಮುಗಿಯಿತು, ಎಂದುಕೊಂಡ ವೆಲಾಪಿ. ಮಗಳ ಮದುವೆ ಮೀನಿಗೆ ಬಲಿಯಾಯಿತು.

"ಎಷ್ಟು ಹೊತ್ತು ಹೊಯ್ಯಬೇಕು ಹೀಗೆ?" ಶಬಾಂಗುವಿನ ದನಿ.

"ಕರೆಂಟು ಬರೋವರೆಗೂ, ತಾತ."

"ಒಬ್ಬಳೇನಾ?"

"ಒಬ್ಬಳೇ."

ಕುರ್ಚಿಗಳು ಕಿರ್ರೆಂದವು. ಎದ್ದರು, ಹೊರಟೇಬಿಟ್ಟರು ಅಂದುಕೊಂಡು ವೆಲಾಪಿ ಬೀರುವನ್ನು ಅವುಚಿ ಹಿಡಿದ.

"ಕೊಡವ್ವಾ, ನಂಗೊಂದು ಮಗ್ಗು ಕೊಡು. ಏ, ಕೋಟು ಬಿಚ್ರೋ ನೀವೂ!" ಶಬಾಂಗುವಿನದೇ ದನಿ.

ಸ್ವಲ್ಪ ಹೊತ್ತಿನಲ್ಲಿ ನಡುಮನೆ ಬಚ್ಚಲಾಯಿತು. "ಮೇಲಿಂದ ಹೊಯ್ಯಿ!" "ಟೈ ತೊಟ್ಟೀಲಿ ಬಿತ್ತು!" "ಆ ಹಳದೀದು ಯಾಕೆ ನನ್ನೇ ದುರುಗುಟ್ಕೊಂಡು ನೋಡುತ್ತೆ?" ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಎಲಿಫಾಸನೇ ಬಾಗಿಲು ತಳ್ಳಿ, ಒದ್ದೆ ಟೈ ಹಿಂಡುತ್ತ, "ಬಾ ಮಾರಾಯ, ನಿನ್ನ ಕರೀತಿದಾರೆ" ಎಂದ.

ಶಬಾಂಗು ಅಂಗಿಯ ತೋಳು ಮಡಚಿ ತೊಟ್ಟಿಯ ಮುಂದೆ ಸ್ಟೂಲು ಹತ್ತಿ ನಿಂತಿದ್ದ. ಹೊಯ್ಯುವುದನ್ನು ನಿಲ್ಲಿಸದೆಯೇ ಮಾತಾಡಿದ.

"ಬುಂಗಾನೆ, ನಿಮ್ಮಣ್ಣನ ಹತ್ರ ಜಗಳಾಡೋಕೆ ಇನ್ನೂ ತುಂಬ ಇತ್ತು. ಈಗ ಮನಸ್ಸಿಲ್ಲ. ಅಪ್ಪನ ಮೀನಿಗಾಗಿ ತನ್ನ ಮದುವೇನೇ ಪಣಕ್ಕಿಟ್ಟ ಹುಡುಗಿ ಇವಳು. ನಾಳೆ ನಮ್ಮನೆ ಮುದುಕಿ ಹಾಸಿಗೆ ಹಿಡಿದ್ರೆ ನೀರು ಕೊಡೋರು ಯಾರು ಅಂತ ನಾವಿನ್ನು ಕೇಳೋ ಹಾಗಿಲ್ಲ. ಇವಳನ್ನ ನಮಗೆ ಕೊಡಿ. ಹಾಗೇ ಈ ನೀರೂ ಒಂದು ಬಾಟಲಿ. ನನ್ನ ಮೊಣಕಾಲಿಗೆ."

"ಆದ್ರೆ ತಪ್ಪು ತಪ್ಪೇ," ಎಂದ ಎಲಿಫಾಸ್. "ಕರೆಯದೆ ಬಂದಿದ್ದಕ್ಕೆ ದಂಡ ಉಂಟು. ಹುಡುಗಿ ಅಪ್ಪ ನಂಗೊಂದು ಹೊಸ ಟೈ ಕೊಡಿಸ್ಬೇಕು."

ಊಟದ ಹೊತ್ತಿಗೆ ಕರೆಂಟು ಬಂತು. ಒಂದು ಸಿಗಡಿ ಸತ್ತಿತ್ತು, ಒಂದು ಹವಳ ಬಿಳಿಚಿತ್ತು, ಇನ್ಸ್‌ಪೆಕ್ಟರ್ ಮಾತ್ರ ಏನೂ ಆಗದವನಂತೆ ಗಸ್ತು ಹೊರಟಿದ್ದ. ಅಂಗಳದಲ್ಲಿ ಬೀಗರು ಹಬೆರೊಟ್ಟಿ ಮುರಿದು ಮಾಂಸದ ಸಾರಿಗೆ ಅದ್ದುತ್ತಿದ್ದರು. ನಡುಮನೆಯಲ್ಲಿ ಅಪ್ಪ ಮಗಳಿಬ್ಬರೇ ಉಳಿದರು.

"ಅವರು ಎದ್ದು ಹೋಗಿದ್ರೆ?" ಎಂದ ವೆಲಾಪಿ.

"ಹೋಗ್ತಿದ್ರು. ಸನೆಲೆ ಬೇರೆ ಮುದುಕರನ್ನ ಹುಡುಕ್ತಿದ್ದ. ನೀನು ಇನ್ನೊಂದು ಕಡಲು ಎಲ್ಲಿಂದ ತರ್ತಿದ್ದೆ?"

ಅವನು ಬಗ್ಗಿ ಒದ್ದೆ ನೆಲ ಒರೆಸತೊಡಗಿದ.

"ನಿಮ್ಮಮ್ಮ ಹೇಳಿದ್ದೇ ಸರಿ ಕಣೇ. ನೀನು ಹೋದ್ಮೇಲೆ ಮನೇಲಿ ಏನಾದ್ರೂ ಸದ್ದು ಇರ್ಲಿ ಅಂತಲೇ ಇದನ್ನ ಕಟ್ಟಿದ್ದು. ಇವತ್ತು ಪಂಪು ನಿಂತ್ಹೋಯ್ತಲ್ಲ, ಒಳಗೆ ಕೂತು ಕೇಳಿಸ್ಕೊಂಡೆ, ಹೇಗಿರುತ್ತೆ ಅಂತ."

ಪಂಪುಗಳು ಗುಳುಗುಳು ಓಡುತ್ತಲೇ ಇದ್ದರೂ ಲಿಂದೆಲ್ವಾ ಕೈಯಲ್ಲಿದ್ದ ಮಗ್ಗನ್ನು ತೊಟ್ಟಿಗೆ ಇಳಿಸಿ, ಎತ್ತಿ, ಸದ್ದಾಗುವಂತೆ ಇನ್ನೊಮ್ಮೆ ನೀರು ಹೊಯ್ದಳು.